ಪುಂಡಿನಾರಿನ ಹುಟ್ಟುಗುಣ

ಅಣ್ಣಿಗೇರಿಯ ನಮ್ಮ ಬಳಗದವರ ಮನೆಯ ಅಟ್ಟದ ಮೇಲೆ ರದ್ದಿ ಕಾಗದದ ಬುಟ್ಟಿಯೊಂದಿದೆ. ಹಳೆಯ ಪಂಚಾಂಗ, ಮಕ್ಕಳ ನೋಟುಬುಕ್ಕು ಎಲ್ಲವನ್ನೂ ನೆನೆಹಾಕಿ, ಮೆಂತ್ಯದ ಹಿಟ್ಟು ಕೂಡಿಸಿ ಒರಳಲ್ಲಿ ಕುಟ್ಟಿ, ಬೋರಲು ಹಾಕಿದ ಕೊಡದ ಮೇಲೆ ಬಡಿದು ಒಣಗಿಸಿದ್ದು. ಬೆರಳಲ್ಲಿ ತಟ್ಟಿದರೆ ಕಟ್ಟಿಗೆಯಂತೆ ಸದ್ದು ಮಾಡುತ್ತದೆ. ಕಳೆದ ಶ್ರಾವಣದಲ್ಲಿ ಅದನ್ನು ಕೆಳಗಿಳಿಸಿ ನೋಡಿದರೆ ಅಂಚು ಮೆತ್ತಗಾಗಿತ್ತು. ನಾನು ಗೊಣಗಿದ್ದಕ್ಕೆ ಆಯಿ ಅಂದರು: “ನೀರ ಕುಡಿಯೂದು ಅದರ ಹುಟ್ಟುಗುಣಾ ತಮ್ಮಾ. ಮಳಿಗಾಲದಾಗ ನೀ ಯಾಕ ಅದನ್ನ ಇಳಿಸಿದಿ?”

ಎಂಜಿನಿಯರುಗಳು ಕಾಂಪೋಸಿಟ್ ಅನ್ನುವುದು ಇದಕ್ಕೇ. ಎಳೆತ ತಾಳಲು ನಾರು, ನಾರನ್ನು ಹಿಡಿದಿಡಲು ಅಂಟು. ಮೆಂತ್ಯದ ಜಾಗಕ್ಕೆ ಪ್ಲಾಸ್ಟಿಕ್ ಬಂದರೆ ಕಾರಿನ ಬಾಗಿಲಿನ ಒಳಹಲಗೆಯಾಗುತ್ತದೆ.

ಹಗ್ಗ, ಕಣ್ಣಿ, ನಾರುಗಳ ಹುಚ್ಚಿನ ಈ ಅಂಕಣ ಪುಂಡಿಯತ್ತ ತಿರುಗಲು ಇಷ್ಟು ತಡವಾದದ್ದು ನನ್ನದೇ ತಪ್ಪು. ಪುಂಡಿಪಲ್ಯ ಉಣ್ಣದ ದಿನವಿಲ್ಲ, ಅದರ ದಂಟಿನ ಕಡೆ ಕಣ್ಣು ಹಾಯಿಸಿದವನಲ್ಲ. ನಮ್ಮ ಪುಂಡಿಯಲ್ಲಿ ಎರಡು ಜಾತಿ. ಅದರಲ್ಲೊಂದಕ್ಕೆ ಹೊರದೇಶದ ಹೆಸರು ಕೆನಾಫ್. 2003ರಲ್ಲಿ ಟೊಯೊಟಾ ತನ್ನ ರೌಮ್ ಕಾರಿನ ಸ್ಟೆಪ್ನಿ ಮುಚ್ಚಳವನ್ನು ಕೆನಾಫ್ ನಾರು ಮತ್ತು ಗಿಡಮೂಲದ ಪ್ಲಾಸ್ಟಿಕ್ ಕೂಡಿಸಿ ಮಾಡಿತು. ಅದಕ್ಕೂ ಮುಂಚೆ, ಪೂರ್ವ ಜರ್ಮನಿಯ ಟ್ರಬಾಂಟ್ ಕಾರು 1957ರಿಂದ 1991ರವರೆಗೆ ಹತ್ತಿಯ ಚಿಂದಿಯನ್ನು ಫೀನಾಲ್ ರಾಳದಲ್ಲಿ ಅದುಮಿದ ಮೈ ಹೊತ್ತು ಓಡಿತು. ಕುಂದಗೋಳ, ನವಲಗುಂದದ ಹತ್ತಿ ಬೆಳೆಗಾರರು ಇದನ್ನು ಕೇಳಿದರೆ ನಗಬಹುದು, ಆದರೆ ಸುಮಾರು 30 ಲಕ್ಷ ಕಾರು ಹಾಗೆ ತಯಾರಾದವು.

ನಾರಿನ ಹದ ಕೆಡುವುದು ಹೊಲದಲ್ಲೇ. ಎರಿಹೊಲದ ಅಕ್ಕಡಿ ಸಾಲಿನಲ್ಲೋ ಬದುವಿನಲ್ಲೋ ನಿಂತ ಪುಂಡಿಯನ್ನು ಹೂವಿನ ಹೊತ್ತಿಗೆ ಕೀಳಬೇಕು. ಬೀಜಕ್ಕೆಂದು ಬಿಟ್ಟರೆ ನಾರು ಒರಟಾಗುತ್ತದೆ, ಮತ್ತು ನಮ್ಮವರು ಬಿಡುವುದೇ ಬೀಜಕ್ಕೆ. ಕಿತ್ತ ಕಟ್ಟನ್ನು ಹಳ್ಳದ ಮಡುವಿನಲ್ಲಿ ಕಲ್ಲು ಹೇರಿ ಎರಡು ವಾರ ಕೊಳೆಯಲು ಬಿಡಬೇಕು. ತೊಗಟೆಯ ಅಂಟನ್ನು ಸೂಕ್ಷ್ಮಾಣುಗಳು ತಿಂದು ಮುಗಿಸುತ್ತವೆ. ನಾಲ್ಕು ದಿನ ಮೊದಲೇ ಎತ್ತಿದರೆ ಎಳೆಗಳು ಬಿಡಿಯಾಗುವುದಿಲ್ಲ. ನಾಲ್ಕು ದಿನ ಮರೆತರೆ ನಾರು ಸೊರಗಿ ಹೋಗುತ್ತದೆ. ಒಂದು ದಂಟು ಎತ್ತಿ ಬುಡದಲ್ಲಿ ಹೆಬ್ಬೆರಳು ಒತ್ತಿ ಎಳೆಯಬೇಕು. ತೊಗಟೆ ತುದಿತನಕ ಒಂದೇ ಸಲ ಜಾರಿ ಬಂದರೆ ಹದ. ಇದನ್ನು ಅಳೆಯಲು ಯಂತ್ರಗಳಿವೆ. ನನಗೆ ಹೆಬ್ಬೆರಳೇ ಸಾಕು.

ಆಮೇಲೆ ಶುರುವಾಗುವುದೇ ಆಯಿ ಹೇಳಿದ ತಕರಾರು. ನಾರು ನೀರು ಕುಡಿಯುವ ಜಾತಿ, ಪ್ಲಾಸ್ಟಿಕ್ ನೀರಿಗೆ ಮುಖ ತಿರುಗಿಸುವ ಜಾತಿ, ಒಂದಕ್ಕೊಂದು ಹತ್ತುವುದಿಲ್ಲ. ಹೀಗಾಗಿ ನಾರನ್ನು ತೆಳ್ಳಗಿನ ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ನೆನೆಸುತ್ತಾರೆ. ಮೇಲಿನ ಮೇಣ, ಜಿಡ್ಡು ಹೋಗಿ ಮೈ ತರಕಲಾಗುತ್ತದೆ, ರಾಳಕ್ಕೆ ಹಿಡಿತ ಸಿಗುತ್ತದೆ. ನಾನೂ ಹಿತ್ತಿಲಲ್ಲಿ ಒಂದು ಇಪಾಕ್ಸಿ ಹಲಗೆ ಎರಕ ಹೊಯ್ದೆ. ಸೋಡಾ ತೊಳೆದ ನಾರನ್ನು ಪೂರ್ತಿ ಒಣಗಿಸುವ ತಾಳ್ಮೆ ಸಾಲಲಿಲ್ಲ. ಒಳಗೆಲ್ಲ ಗುಳ್ಳೆ, ಮಂಡಿಗೆ ಒತ್ತಿದರೆ ಹಪ್ಪಳದಂತೆ ಮುರಿಯಿತು. ಮುರಿದಲ್ಲಿ ನಾರು ಹರಿದಿರಲಿಲ್ಲ, ಒರೆಯಿಂದ ಕತ್ತಿ ಹಿರಿದಂತೆ ರಾಳದಿಂದ ನುಣ್ಣಗೆ ಹೊರಬಂದಿತ್ತು. ಅಂಟು ಹತ್ತಿಲ್ಲ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಬೆಂಕಿಯೂ ಇದಕ್ಕೆ ಆಗಿಬರುವುದಿಲ್ಲ. 200 ಡಿಗ್ರಿ ದಾಟಿದರೆ ನಾರು ಕಂದಿ ಸುಟ್ಟ ವಾಸನೆ ಹೊಡೆಯುತ್ತದೆ. ಹಾಗಾಗಿ ಜೋಡಿಗೆ ತಕ್ಕದ್ದು ಸುಮಾರು 165 ಡಿಗ್ರಿಗೆ ಕರಗುವ ಪಾಲಿಪ್ರೊಪಿಲೀನ್, ಅಂದರೆ ನಮ್ಮ ಗೊಬ್ಬರದ ಚೀಲದ ಪ್ಲಾಸ್ಟಿಕ್. ಹಗುರತನ ಮಾತ್ರ ಪುಂಡಿಯ ನಿಜವಾದ ಗೆಲುವು: ಒಂದು ಘನ ಸೆಂಟಿಮೀಟರ್ ಗಾಜಿನೆಳೆ 2.5 ಗ್ರಾಂ ತೂಗಿದರೆ ಇದು 1.5ರ ಆಚೀಚೆ. ಕತ್ತರಿಸುವಾಗ ಗಾಜಿನೆಳೆಯ ಹಾಗೆ ಮೈ ಕಡಿತವೂ ಇಲ್ಲ.

ಇದು ಮಣ್ಣಲ್ಲಿ ಮಣ್ಣಾಗುತ್ತದೆ ಎಂದು ಹೇಳಿ ಮಾರುವವರನ್ನು ನಾನು ನಂಬುವುದಿಲ್ಲ. ನಾರು ಮಣ್ಣಾದೀತು, ಗೊಬ್ಬರದ ಚೀಲ ಆಗುವುದಿಲ್ಲ. ಎರಡನ್ನೂ ಕೂಡಿಸಿದ ಮೇಲೆ ಬೇರ್ಪಡಿಸುವುದೂ ಕಷ್ಟ. ಭಾರ ಹೊರುವ ತೊಲೆಗೆ, ಮಳೆಗೆ ಮೈಯೊಡ್ಡುವ ಚಾವಣಿಗೆ ಇದನ್ನು ಹಾಕಬೇಡಿ. ಬಾಗಿಲಿನ ಒಳಹಲಗೆ, ಕುರ್ಚಿಯ ಬೆನ್ನು, ಪೆಟ್ಟಿಗೆ: ನೆರಳಲ್ಲಿ ಇರುವ ಸಾಮಾನಿಗೆ ಸೊಗಸು.

ನನ್ನ ಎರಡನೇ ಹಲಗೆಗೆ ನಾರು ಬೇಕಾಗಿದೆ. ನೈಲಾನ್ ಹಗ್ಗ ಬಂದಮೇಲೆ ಪುಂಡಿಯನ್ನು ಕೊಳೆಹಾಕುವವರು ಸಿಗುತ್ತಿಲ್ಲ. ಬೆಣ್ಣೆಹಳ್ಳದ ದಂಡೆಯ ಊರುಗಳಲ್ಲಿ ಯಾರಾದರೂ ಈ ಸಲ ಪುಂಡಿಯನ್ನು ಹೂವಿಗೇ ಕಿತ್ತರೆ ಒಂದು ಕಟ್ಟು ತೆಗೆದಿಡಿ. ಕೊಳೆಹಾಕಲು ನಾನೇ ಬರುತ್ತೇನೆ.