ಹಳೆಯ ರಿವಾಲ್ವರಿಗೆ ಎಷ್ಟು ದಪ್ಪದ ಗುಂಡು?

1858ರ ಮೇ 29ರ ರಾತ್ರಿ ಬ್ರಿಟಿಷರ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ರಾಮದುರ್ಗದ ಹತ್ತಿರದ ಸುರೇಬಾನದಲ್ಲಿ ಬೀಡುಬಿಟ್ಟಿದ್ದ. ದಂಗೆಯೆದ್ದ ನರಗುಂದದ ಅರಸ ಬಾಬಾಸಾಹೇಬನ ಜನ ಮೇಲೆ ಬಿದ್ದಾಗ ನಿದ್ದೆಯಿಂದೆದ್ದು ರಿವಾಲ್ವರ್ ಹಾರಿಸಿ ಒಬ್ಬನನ್ನು ಗಾಯಗೊಳಿಸಿದ. ಆಮೇಲೆ ಅವನ ತಲೆ ನರಗುಂದದ ಅಗಸಿಯಲ್ಲಿ ತೂಗಿದ್ದನ್ನು ನಮ್ಮ ಭಾಗದಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಆ ರಿವಾಲ್ವರಿನ ಮಾತು ಮಾತ್ರ ಯಾರೂ ಎತ್ತುವುದಿಲ್ಲ. 1824ರ ಅಕ್ಟೋಬರ್ 23ರಂದು ಕಿತ್ತೂರಿನಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತಾಗ ಕಾಳಗದಲ್ಲಿದ್ದದ್ದು ಬಾಯಿಂದ ಮದ್ದು ತುಂಬುವ ಬಂದೂಕು. ಈ ಎರಡು ಘಟನೆಗಳ ನಡುವಿನ ಮೂವತ್ತು ಚಿಲ್ಲರೆ ವರ್ಷಗಳಲ್ಲಿ ಗುಂಡು ಆರಿಸುವ ಪದ್ಧತಿಯೇ ತಿರುಗುಮುರುಗಾಯಿತು. ಹಳೆಯ ರಿವಾಲ್ವರಿಗೆ ತೋಟಾ ತುಂಬುವ ಹವ್ಯಾಸಿಗಳು ಇವತ್ತಿಗೂ ಎಡವುವುದು ಈ ತಿರುವನ್ನು ಮರೆತು.

ಕಂಪನಿ ಸಿಪಾಯಿಯ ಬಂದೂಕಿನ ನಳಿಗೆ 0.75 ಇಂಚು, ಅದಕ್ಕೆ ಹಾಕುವ ಗುಂಡು ಸುಮಾರು 0.69. ಕರಿಮದ್ದು ನಾಲ್ಕಾರು ಸಲ ಸುಡುವಷ್ಟರಲ್ಲಿ ನಳಿಗೆಯೊಳಗೆ ಮಸಿ ಕಟ್ಟುತ್ತದೆ. ಬಿಗಿಯಾದ ಗುಂಡನ್ನು ಆಗ ಗಜದಿಂದ ಎಷ್ಟು ಗುದ್ದಿದರೂ ಇಳಿಯದು. ಹಾಗಾಗಿ ಗುರಿ ಕೆಟ್ಟರೂ ಸರಿ, ಬೇಗ ತುಂಬಬೇಕು ಎಂದು ಸಡಿಲ ಗುಂಡನ್ನೇ ಒಪ್ಪಿಕೊಂಡರು. ಸಾಲಾಗಿ ನಿಂತು ಒಟ್ಟಿಗೆ ಹಾರಿಸುವ ಪಡೆಗೆ ಅದು ಸರಿಯಾದ ಆಯ್ಕೆಯೇ. ನಮ್ಮ ಕಡೆಯ ಬತ್ತಿ ಕೋವಿಗಳ ಪಾಡು ಬೇರೆ: ಕಮ್ಮಾರ ಬಡಿದು ಮಾಡಿದ ಒಂದೊಂದು ನಳಿಗೆಯದೂ ಒಂದೊಂದು ಅಳತೆ. ಕೋವಿಯ ಜೊತೆಗೆ ಅದರದೇ ಗುಂಡಿನ ಅಚ್ಚೂ ಇರಬೇಕು. ಬೇರೆಯವರ ಗುಂಡು ಕೈಗೆ ಸಿಕ್ಕರೂ ಅದು ಕೂಡುತ್ತದೆಂಬ ಭರವಸೆಯಿಲ್ಲ. ಈ ಪದ್ಧತಿಯನ್ನು ಹಿಂದುಳಿದದ್ದು ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಆಯುಧವನ್ನೇ ಅಳೆದು ಗುಂಡು ಎರಕಹೊಯ್ಯುವ ಆ ಶಿಸ್ತೇ ಹಳೆಯ ರಿವಾಲ್ವರಿಗೂ ಬೇಕಾದದ್ದು.

ಹಿಂದೆ ಸಿಕ್ಕಿಸಿದ ಸಣ್ಣ ಕೇಪು ಸಿಡಿದು ಮದ್ದು ಹೊತ್ತುವ ರಿವಾಲ್ವರಿನಲ್ಲಿ ಲೆಕ್ಕ ಉಲ್ಟಾ. 1851ರ ಕೋಲ್ಟ್ ನೇವಿಯನ್ನು 0.36 ಎಂದು ಕರೆಯುತ್ತಾರೆ, ಆದರೆ ಅದಕ್ಕೆ ಹಾಕುವ ಸೀಸದ ಗುಂಡು 0.375. ಸಿಲಿಂಡರಿನ ಚೇಂಬರಿಗಿಂತ ಗುಂಡು ಕೂದಲೆಳೆಯಷ್ಟು ದಪ್ಪ ಇರಲೇಬೇಕು. ನಳಿಗೆಯ ಕೆಳಗಿನ ಸನ್ನೆಯನ್ನು ಒತ್ತಿದಾಗ ಗುಂಡು ಒಳಗಿಳಿಯುತ್ತ, ಚೇಂಬರಿನ ಅಂಚಿಗೆ ತಾಗಿ ತೆಳುವಾದ ಸೀಸದ ಉಂಗುರವೊಂದು ಸುತ್ತಲೂ ಕತ್ತರಿಸಿಕೊಂಡು ಉದುರುತ್ತದೆ. ಉಂಗುರ ಇಡಿಯಾಗಿ ಬಂದರೆ ಗುಂಡು ಚೆನ್ನಾಗಿ ಕೂತಿದೆ ಎಂದು ಅರ್ಥ. ಒಂದೇ ಮಗ್ಗುಲಲ್ಲಿ ಚೂರು ಬಂದರೆ, ಅಥವಾ ಬರದೇ ಹೋದರೆ, ಆ ಗುಂಡು ಸಣ್ಣದು. ಸಣ್ಣ ಗುಂಡು ಪಕ್ಕದ ಚೇಂಬರಿನ ಹೊಡೆತದ ಧಕ್ಕೆಗೆ ಮುಂದೆ ಜಾರಿ ಸಿಲಿಂಡರನ್ನೇ ಹಿಡಿದು ನಿಲ್ಲಿಸಬಹುದು. ಇಲ್ಲವೇ ಸಂದಿಯಿಂದ ಕಿಡಿ ಹೊಕ್ಕು ಅಕ್ಕಪಕ್ಕದ ಚೇಂಬರುಗಳೂ ಒಟ್ಟಿಗೆ ಸಿಡಿಯಬಹುದು. ಕೈಗೆ ಅಪಾಯ ಬರುವುದು ಆಗಲೇ. ಆ ಕಾಲದ ಇಂಗ್ಲಿಷ್ ಆಡಮ್ಸ್ ರಿವಾಲ್ವರುಗಳ ಅಳತೆ ಇಂಚಿನಲ್ಲಿರಲಿಲ್ಲ. ಒಂದು ಪೌಂಡು ಸೀಸದಲ್ಲಿ ಎಷ್ಟು ಗುಂಡು ಎಂಬ ಲೆಕ್ಕ. 54 ಗುಂಡು ಎಂದರೆ ಹೆಚ್ಚುಕಡಿಮೆ 0.442 ಇಂಚು.

ತೋಟಾ ಬಂದ ಮೇಲೆ ಈ ಗೊಂದಲ ತೀರಿತೆಂದು ಹಲವರು ತಿಳಿದಿದ್ದಾರೆ. ತೀರಲಿಲ್ಲ, ಹೆಚ್ಚಾಯಿತು. ಬ್ರಿಟಿಷ್ ವೆಬ್ಲಿ, ಎನ್‌ಫೀಲ್ಡ್ ರಿವಾಲ್ವರುಗಳ 0.38 ತೋಟಾದ ಗುಂಡು ಸುಮಾರು 0.361 ಇಂಚು. ಅಮೆರಿಕದ 0.38 ಸ್ಪೆಷಲ್‌ನದು 0.358. ಎರಡೂ 'ಮೂವತ್ತೆಂಟೇ' ಎಂದು ಸ್ಪೆಷಲ್‌ನ ಗುಂಡನ್ನು ವೆಬ್ಲಿಯ ತೋಟಾಕ್ಕೆ ಕೂರಿಸಿದರೆ, ನಳಿಗೆಯ ಸುರುಳಿ ಗೆರೆಗಳು ಗುಂಡನ್ನು ಕಚ್ಚಿ ಹಿಡಿಯುವುದಿಲ್ಲ. ಬಿಸಿ ಅನಿಲ ಪಕ್ಕದಿಂದ ನುಗ್ಗಿ ಸೀಸವನ್ನು ಕರಗಿಸಿ ನಳಿಗೆಗೆ ಬಳಿಯುತ್ತದೆ, ಗುಂಡು ಅಡ್ಡಡ್ಡವಾಗಿ ಹೋಗಿ ಗುರಿಹಲಗೆಗೆ ಬಡಿಯುತ್ತದೆ.

ಬಲ್ಲವರು ಹೇಳುವ ಪರಿಹಾರ ನಳಿಗೆ ಅಳೆಯುವುದು: ಖಾಲಿ ಆಯುಧ ಬಿಚ್ಚಿ, ಎಣ್ಣೆ ಸವರಿದ ಮೆತ್ತನೆ ಸೀಸದ ತುಂಡನ್ನು ಮರದ ಕಡ್ಡಿಯಿಂದ ನೂಕಿ, ಆಚೆ ಬಂದ ತುಂಡಿಗೆ ಮೈಕ್ರೊಮೀಟರ್ ಹಿಡಿಯುವುದು. ಇದು ಅರ್ಧ ಕೆಲಸ ಎಂಬುದೇ ನನ್ನ ತಕರಾರು. ರಿವಾಲ್ವರಿನಲ್ಲಿ ಗುಂಡು ಮೊದಲು ದಾಟುವುದು ಚೇಂಬರಿನ ಮುಂದಿನ ಬಾಯಿಯನ್ನು. 0.455 ವೆಬ್ಲಿಗಳಲ್ಲಿ ಎಷ್ಟೋ ಸಲ ಈ ಬಾಯಿ ನಳಿಗೆಗಿಂತ ಕಿರಿದು. ನಳಿಗೆಗೆ ತಕ್ಕ ಗಟ್ಟಿ ಗುಂಡು ಹಾಕಿದರೆ ಬಾಯಲ್ಲೇ ಹಿಂಡಿಕೊಂಡು ಸಣ್ಣದಾಗಿ ನಳಿಗೆಯಲ್ಲಿ ಸಡಿಲವಾಗುತ್ತದೆ, ಹಿಂದೆ ಒತ್ತಡವೂ ಏರುತ್ತದೆ. ಹಳಬರು ಇದಕ್ಕೆ ಕಂಡುಕೊಂಡ ಉಪಾಯ ಸೊಗಸಾದದ್ದು: ಬುಡ ಟೊಳ್ಳಾದ ಮೆತ್ತನೆ ಸೀಸದ ಗುಂಡು. ಮದ್ದು ಸಿಡಿದಾಗ ಆ ಟೊಳ್ಳು ಅರಳಿ ನಳಿಗೆಯನ್ನು ತುಂಬುತ್ತದೆ. ಇವತ್ತಿನ ಗಟ್ಟಿ ಮಿಶ್ರಲೋಹದ ಗುಂಡೇ ಮೇಲು ಎಂಬ ನಂಬಿಕೆ ಇಂಥ ರಿವಾಲ್ವರುಗಳ ಮಟ್ಟಿಗೆ ಪೂರ್ತಿ ತಪ್ಪು. ಮೊದಲು ಆರೂ ಬಾಯಿಗಳನ್ನು ಅಳೆಯಬೇಕು, ಆಮೇಲೆ ನಳಿಗೆಯನ್ನು. ಬಾಯಿ ಕಿರಿದಿದ್ದರೆ ಗುಂಡಿನ ದಪ್ಪವನ್ನಲ್ಲ, ಜಾತಿಯನ್ನೇ ಬದಲಿಸಬೇಕು.

ಇದೆಲ್ಲ ನಮ್ಮಲ್ಲಿ ಮನೆಯಲ್ಲಿ ಕೂತು ಮಾಡುವ ಕೆಲಸವಲ್ಲ. 1959ರ ಆಯುಧ ಕಾಯ್ದೆಯ 5ನೇ ಕಲಮಿನಂತೆ ಮದ್ದುಗುಂಡು ತಯಾರಿಸಲು ಪ್ರತ್ಯೇಕ ಲೈಸೆನ್ಸ್ ಬೇಕು. ರಿವಾಲ್ವರಿನ ಲೈಸೆನ್ಸ್ ಇದ್ದ ಮಾತ್ರಕ್ಕೆ ತೋಟಾ ತುಂಬುವಂತಿಲ್ಲ. ಆದರೆ ಅಜ್ಜನ ಕಾಲದ ವೆಬ್ಲಿಯನ್ನು ಲೈಸೆನ್ಸಿನ ಮೇಲೆ ಇಟ್ಟುಕೊಂಡವರು ಅಂಗಡಿಯಲ್ಲಿ 'ಮೂವತ್ತೆಂಟು ಕೊಡ್ರಿ' ಎನ್ನುವ ಮೊದಲು ಅದರ ಆರು ಬಾಯಿಯನ್ನೂ ನಳಿಗೆಯನ್ನೂ ಲೈಸೆನ್ಸ್ ಇರುವ ದುರಸ್ತಿಗಾರನಿಂದ ಅಳೆಸಿ, ಆ ಅಂಕಿಗಳನ್ನು ಬರೆದಿಟ್ಟುಕೊಳ್ಳಲಿ.