ನೋಡದೆ ಕೊಟ್ಟ ತೀರ್ಪು

ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದಲ್ಲಿ ಶಿಫ್ಟ್ ಬಿಡುವ ಹೊತ್ತಿಗೆ ಚಹಾದಂಗಡಿ ಮುಂದೆ ನಿಂತರೆ, ಸರ್ಕಾರದ ಯಾವ ಹೊಸ ಕಾನೂನಿನ ಮಾತು ಬಂದರೂ ಒಂದೇ ಉತ್ತರ ಕಿವಿಗೆ ಬೀಳುತ್ತದೆ: ‘ಏನೂ ಆಗಲ್ಲ ಬಿಡ್ರಿ, ಎಲ್ಲಾ ಅವರ ಕೈಯಾಗೈತಿ.’ ಮೊಬೈಲ್ ಆ್ಯಪ್‌ಗಳು ನಮ್ಮ ಮಾಹಿತಿ ಎತ್ತಿಕೊಳ್ಳುವ ಮಾತಿರಲಿ, ಡೆಲಿವರಿ ಹುಡುಗರ ಐಡಿ ಬ್ಲಾಕ್ ಆಗುವ ಮಾತಿರಲಿ, ಕಾರ್ಖಾನೆ ನೀರು ಹೊಳೆಗೆ ಸೇರುವ ಮಾತಿರಲಿ, ತೀರ್ಪು ಬದಲಾಗುವುದಿಲ್ಲ. ಇದೂ ವಿಮರ್ಶೆಯೇ. ಸಾವಿರಾರು ಜನ ದಿನವೂ ಮಾಡುವ ವಿಮರ್ಶೆಯಾದ್ದರಿಂದ ಅದನ್ನು ಹಗುರವಾಗಿ ಕಾಣಬಾರದು. ಅದು ಪುರಾವೆ ನೋಡಿದೆಯೇ, ಒಳ್ಳೆಯ ನಿಯಮಕ್ಕೂ ಕೆಟ್ಟ ನಿಯಮಕ್ಕೂ ವ್ಯತ್ಯಾಸ ಗುರುತಿಸಿದೆಯೇ ಎಂದು ಕೇಳಬೇಕು.

ಈ ಅಪನಂಬಿಕೆಗೆ ಕಾರಣಗಳಿವೆ. ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ಊರಿನ ಹತ್ತಿ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಹರಿಹರದಲ್ಲಿ 1941ರಲ್ಲಿ ಶುರುವಾಗಿ, ಲೇತ್ ಯಂತ್ರಗಳಿಗೆ ದೇಶದಲ್ಲೆಲ್ಲ ಹೆಸರಾಗಿದ್ದ ಮೈಸೂರು ಕಿರ್ಲೋಸ್ಕರ್ ಕೂಡ ಮುಚ್ಚಿತು. ಕೆಲಸ ಕಳೆದುಕೊಂಡ ಮನೆಗಳಲ್ಲಿ ಬೆಳೆದವರಿಗೆ ಕಂಪನಿಯ ಮೇಲೂ ಸರ್ಕಾರದ ಮೇಲೂ ಭರವಸೆ ಇಲ್ಲದಿದ್ದರೆ ತಪ್ಪೆನ್ನಲಾಗದು. ‘ನಿಯಮ ಬಿಗಿ ಮಾಡಿದರೆ ಇದ್ದ ಕಂಪನಿಯೂ ಹೋಗುತ್ತದೆ’ ಎಂಬ ಅಂಜಿಕೆಯೂ ಅಲ್ಲಿಂದಲೇ ಬಂದದ್ದು. ಆದರೆ ಆ ಕಾರ್ಖಾನೆಗಳನ್ನು ನುಂಗಿದ್ದು ನಷ್ಟ ಮತ್ತು ಸಾಲ. ಹೊಳೆ ಕಾಯುವ ಕಾನೂನು ಅಲ್ಲ. ಈ ಎರಡನ್ನೂ ಒಂದೇ ಗಂಟಿಗೆ ಕಟ್ಟಿಬಿಡುವುದು ನಮ್ಮ ಚಹಾದಂಗಡಿ ವಿಮರ್ಶೆಯ ಮೊದಲ ದೋಷ.

ಎರಡನೆಯ ದೋಷ ಇನ್ನೂ ದೊಡ್ಡದು: ನಮ್ಮ ಪಕ್ಕದಲ್ಲೇ ನಡೆದುಹೋದದ್ದನ್ನು ಅದು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಹರಿಹರದ ಎದುರು ದಡ, ಈಗ ಹಾವೇರಿ ಜಿಲ್ಲೆಗೆ ಸೇರಿದ ಕುಮಾರಪಟ್ಟಣದಲ್ಲಿ ಬಿರ್ಲಾ ಸಮೂಹದ ಹರಿಹರ ಪಾಲಿಫೈಬರ್ಸ್ 1972ರಲ್ಲಿ ಆರಂಭವಾಯಿತು. ನೀಲಗಿರಿ ಮರದಿಂದ ರೇಯಾನ್‌ಗೆ ಬೇಕಾದ ಪಲ್ಪ್ ತೆಗೆಯುವ ಕಾರ್ಖಾನೆ ಅದು. ಮರ ಬೇಯಿಸಿದಾಗ ಬಿಡುವ ಲಿಗ್ನಿನ್ ನೀರಿಗೆ ಕಂದು ಬಣ್ಣ ಕೊಡುತ್ತದೆ. ನೀರಿನಲ್ಲಿನ ಸಾವಯವ ಕೊಳೆಯನ್ನು ಕರಗಿಸಲು ಸೂಕ್ಷ್ಮಜೀವಿಗಳು ಆಮ್ಲಜನಕ ಹೀರಿಕೊಳ್ಳುವುದರಿಂದ ಮೀನಿಗೆ ಉಸಿರಾಡಲು ಉಳಿಯುವುದಿಲ್ಲ. 1984ರಲ್ಲಿ ತುಂಗಭದ್ರೆಯಲ್ಲಿ ಮೀನುಗಳು ರಾಶಿರಾಶಿಯಾಗಿ ಸತ್ತು ತೇಲಿದಾಗ ಕೆಳಗಿನ ಊರುಗಳ ಬೆಸ್ತರಿಗೆ, ದನ ಕಟ್ಟಿದವರಿಗೆ ಅದರ ಅರ್ಥ ಆಯಿತು.

ಅದೇ ವರ್ಷ ಹುಟ್ಟಿದ ಸಮಾಜ ಪರಿವರ್ತನಾ ಸಮುದಾಯ, ಎಸ್.ಆರ್. ಹಿರೇಮಠರ ನೇತೃತ್ವದಲ್ಲಿ, ಹೊಳೆಯ ದೂರನ್ನು ಕೈಗೆತ್ತಿಕೊಂಡಿತು. ಅಷ್ಟರಲ್ಲೇ ಸರ್ಕಾರ ಇದೇ ಕಂಪನಿಯ ಜೊತೆ 51:49ರ ಪಾಲಿನಲ್ಲಿ ಕರ್ನಾಟಕ ಪಲ್ಪ್‌ವುಡ್ಸ್ ಲಿಮಿಟೆಡ್ ಕಟ್ಟಿ, ದನ ಮೇಯಲು, ಸೌದೆ ತರಲು ಊರವರು ನೆಚ್ಚಿಕೊಂಡಿದ್ದ ಸಾವಿರಾರು ಹೆಕ್ಟೇರ್ ಭೂಮಿಯನ್ನು ನೀಲಗಿರಿಗೆ ಒಪ್ಪಿಸಲು ಹೊರಟಿತು. ಕಾಯಬೇಕಾದವರೇ ಪಾಲುದಾರರಾದ ಇಂಥ ಸಂದರ್ಭದಲ್ಲಿ ‘ಏನೂ ಆಗಲ್ಲ’ ಎನ್ನಲು ಇದಕ್ಕಿಂತ ಬಲವಾದ ಕಾರಣ ಬೇಕೇ? ಆದರೂ ಜನ ಹಾಗನ್ನಲಿಲ್ಲ. ಶಿವರಾಮ ಕಾರಂತರು ಅರ್ಜಿದಾರರಾಗಿ ಸುಪ್ರೀಂ ಕೋರ್ಟಿಗೆ ಹೋದರು. 1987ರ ಮಾರ್ಚಿನಲ್ಲಿ ತಡೆಯಾಜ್ಞೆ ಬಂತು. ಅದೇ ವರ್ಷ ನವೆಂಬರ್ 14ರಂದು ಕುಸನೂರಿನಲ್ಲಿ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ ನಡೆಯಿತು: ನೀಲಗಿರಿ ಸಸಿ ಕಿತ್ತು, ಊರಿಗೆ ಬೇಕಾದ ಸಸಿ ನೆಟ್ಟರು. 1990ರ ದಶಕದ ಆರಂಭದಲ್ಲಿ ಸರ್ಕಾರವೇ ಆ ಜಂಟಿ ಕಂಪನಿಯನ್ನು ಮುಚ್ಚಬೇಕಾಯಿತು.

ಹೊಳೆಯ ವಿಷಯದಲ್ಲಿ ಗೆಲುವು ಅಷ್ಟು ಸ್ಪಷ್ಟವಲ್ಲ. 2018ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಗುರುತಿಸಿದ ದೇಶದ 351 ಕಲುಷಿತ ನದಿಪಾತ್ರಗಳಲ್ಲಿ ಹರಿಹರದ ಕೆಳಗಿನ ತುಂಗಭದ್ರೆಯೂ ಇದೆ. ಒಂದೇ ಹೋರಾಟದಲ್ಲಿ ಭೂಮಿ ಉಳಿಯಿತು, ನೀರು ಪೂರ್ತಿ ಉಳಿಯಲಿಲ್ಲ. ಯಾಕೆ ಎಂದು ಕೇಳುವುದೇ ನಿಜವಾದ ವಿಮರ್ಶೆ. ನೆಟ್ಟ ಸಸಿ ಯಾರ ಕಣ್ಣಿಗೂ ಕಾಣುತ್ತದೆ. ನೀರಿನಲ್ಲಿ ಕರಗಿದ್ದು ಕಾಣುವುದಿಲ್ಲ. ಅದನ್ನು ಅಳೆಯುವವರು ಬೇಕು, ಅಳೆದದ್ದನ್ನು ಜನರಿಗೆ ತೋರಿಸುವವರು ಬೇಕು, ಮಿತಿ ಮೀರಿದ ದಿನವೇ ಕ್ರಮ ಆಗಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ನಿಯಮ ಕಾಗದದಲ್ಲೇ ಉಳಿಯುತ್ತದೆ.

ಇದೇ ಮೂರು ಪ್ರಶ್ನೆ ಹಿಡಿದು ಇಂದಿನ ಕಾನೂನುಗಳನ್ನು ನೋಡೋಣ. ಪಲ್ಪ್, ಸಕ್ಕರೆ, ಡಿಸ್ಟಿಲರಿ ಸೇರಿ 17 ಬಗೆಯ ಹೆಚ್ಚು ಮಾಲಿನ್ಯದ ಉದ್ಯಮಗಳು ಕೊಳವೆಯ ಬಾಯಲ್ಲೇ ಸೆನ್ಸರ್ ಇಟ್ಟು ಮಂಡಳಿಯ ಸರ್ವರ್‌ಗೆ ಅಂಕಿ ಕಳಿಸಬೇಕೆಂದು 2014ರಲ್ಲಿ ಆದೇಶವಾಯಿತು. ಒಳ್ಳೆಯ ನಿಯಮ. ಆದರೆ ಸೆನ್ಸರ್ ಕಾರ್ಖಾನೆಯ ಕಾಂಪೌಂಡಿನೊಳಗೇ ಇರುತ್ತದೆ. ಅದನ್ನು ತೆಗೆದು ಶುದ್ಧ ನೀರಿನ ಬಕೆಟ್ಟಿನಲ್ಲಿ ಅದ್ದಿಟ್ಟರೆ ಪರದೆಯ ಮೇಲಿನ ಬಿಓಡಿ, ಅಂದರೆ ಸಾವಯವ ಕೊಳೆ ಕರಗಿಸಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕದ ಅಳತೆ, ಲೀಟರಿಗೆ 30 ಮಿಲಿಗ್ರಾಂನ ಮಿತಿಯೊಳಗೇ ಕಾಣುತ್ತದೆ. ಅಧಿಕಾರಿ ಹೇಳದೆ ಬಂದು ಹೊಳೆಯಿಂದಲೇ ಸ್ಯಾಂಪಲ್ ತೆಗೆದಾಗ ಮಾತ್ರ ಆ ಅಂಕಿಗೆ ಬೆಲೆ.

ಗಿಗ್ ಕಾರ್ಮಿಕರಿಗಾಗಿ ಕರ್ನಾಟಕ 2025ರಲ್ಲಿ ತಂದ ಕಾಯ್ದೆ ಪ್ರತಿ ವಹಿವಾಟಿನ ಪಾವತಿಯ ಮೇಲೆ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಹಾಕುತ್ತದೆ. ಕೆಲಸದಿಂದ ತೆಗೆಯುವ ಮೊದಲು ಕಾರಣ ಕೊಟ್ಟು 14 ದಿನದ ನೋಟಿಸ್ ನೀಡಬೇಕೆನ್ನುತ್ತದೆ. ಐಡಿ ಬ್ಲಾಕ್ ಆದ ಹುಡುಗನಿಗೆ ಕೇಳಲು ಈಗ ಒಂದು ಆಧಾರವಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 250 ಕೋಟಿ ರೂಪಾಯಿವರೆಗೆ ದಂಡ ಹೇಳಿದರೂ ಅದರ ನಿಯಮಗಳು ಪ್ರಕಟವಾದದ್ದು 2025ರ ನವೆಂಬರಿನಲ್ಲಿ. ಮುಖ್ಯ ಹೊಣೆಗಳಿಗೆ ಇನ್ನೂ 18 ತಿಂಗಳ ಕಾಲಾವಕಾಶ ಸಿಕ್ಕಿತು. ಇಲ್ಲಿ ಜನರ ಅಸಮಾಧಾನ ನ್ಯಾಯವಾದದ್ದು. ಒಂದು ಕಾನೂನು ಕೈಗೆ ಹಿಡಿ ಕೊಟ್ಟಿದೆ, ಇನ್ನೊಂದು ಕಾಯಿಸಿದೆ. ಎರಡಕ್ಕೂ ಒಂದೇ ಮಾತು ಹೇಳುವ ವಿಮರ್ಶೆ ಎರಡಕ್ಕೂ ಅನ್ಯಾಯ ಮಾಡುತ್ತದೆ.

ಹಾಗಾದರೆ ನನ್ನ ತೀರ್ಮಾನ ಇದು. ಕಂಪನಿ ಲಾಭ ನೋಡುತ್ತದೆ, ಅಧಿಕಾರಿ ಅಳುಕುತ್ತಾನೆ ಎಂಬ ಜನರ ಗ್ರಹಿಕೆ ಬಹುತೇಕ ಸರಿ. ಅದರಿಂದ ಏನೂ ಆಗದು ಎನ್ನುವ ಮುಗಿತಾಯ ತಪ್ಪು, ಮತ್ತು ಅಪಾಯಕಾರಿ. ಯಾರೂ ಕೇಳದಿದ್ದರೆ ಕಂಪನಿಗೆ ಯಾವ ವಕೀಲನೂ ಬೇಕಾಗುವುದಿಲ್ಲ. 1974ರ ಜಲ ಕಾಯ್ದೆಯ 49ನೇ ಕಲಮು, 60 ದಿನದ ನೋಟಿಸ್ ಕೊಟ್ಟು ಸಾಮಾನ್ಯ ಪ್ರಜೆಯೂ ಕೋರ್ಟಿಗೆ ದೂರು ಒಯ್ಯಬಹುದು ಎನ್ನುತ್ತದೆ. ಮಂಡಳಿಯ ವರದಿಗಳನ್ನು ಕೇಳಲೂ ಅವಕಾಶ ಕೊಡುತ್ತದೆ. ಮಾಹಿತಿ ಹಕ್ಕಿನ ಅರ್ಜಿಗೆ ಶುಲ್ಕ 10 ರೂಪಾಯಿ. ಕರೂರಿನಲ್ಲಿ ಕೆಲಸ ಮಾಡುವವರು, ಹರಿಹರದಲ್ಲಿ ಹೊಳೆ ನೀರು ಕುಡಿಯುವವರು ಕಳೆದ ಮೂರು ವರ್ಷದ ತಪಾಸಣಾ ವರದಿ ಕೇಳಿ ಒಂದು ಅರ್ಜಿ ಹಾಕಲಿ. ಉತ್ತರ ಬಂದರೆ ಅದನ್ನು ಓದಿ ತೀರ್ಪು ಕೊಡಲಿ. ಬಾರದಿದ್ದರೆ ಮೇಲ್ಮನವಿ ಹಾಕಲಿ. ಆಮೇಲೆ ಚಹಾದಂಗಡಿಯಲ್ಲಿ ಹೇಳುವ ಮಾತಿಗೆ ಕಂಪನಿಯೂ ಕಿವಿಗೊಡಬೇಕಾಗುತ್ತದೆ.