ಪಟಾನ್‌ಚೆರುವಿನ ಕೀರ್ತಿ, ಮುಠಾ ನದಿಯ ಹೂಳು

ಔಷಧಕ್ಕೆ ಬಗ್ಗದ ಸೂಕ್ಷ್ಮಾಣುಗಳು ನೆಲ-ನೀರಿನಲ್ಲಿ ಹೇಗೆ ಹಬ್ಬುತ್ತವೆ ಎಂದು ನಮ್ಮಲ್ಲಿ ಯಾರೇ ಬರೆಯಲಿ, ಎರಡನೇ ಪ್ಯಾರಾ ಮುಗಿಯುವಷ್ಟರಲ್ಲಿ ಪಟಾನ್‌ಚೆರುವಿನ ಹೆಸರು ಬಂದಿರುತ್ತದೆ. 2007ರಲ್ಲಿ ಪ್ರಕಟವಾದ ಪ್ರಬಂಧಕ್ಕಾಗಿ ಸ್ವೀಡನ್ನಿನ ಯೋಕಿಂ ಲಾರ್ಸನ್ ಮತ್ತು ಸಂಗಡಿಗರು ಹೈದರಾಬಾದಿನ ಮಗ್ಗುಲಿನ ಆ ಊರಿನಲ್ಲಿ, ಸುಮಾರು 90 ಔಷಧ ಕಾರ್ಖಾನೆಗಳ ತ್ಯಾಜ್ಯ ನೀರನ್ನು ಶುದ್ಧ ಮಾಡುವ ಘಟಕದ ಹೊರಹರಿವನ್ನು ಪರೀಕ್ಷಿಸಿದರು. ಒಂದು ಲೀಟರಿನಲ್ಲಿ 31 ಮಿಲಿಗ್ರಾಂವರೆಗೆ ಸಿಪ್ರೊಫ್ಲಾಕ್ಸಸಿನ್ ಸಿಕ್ಕಿತು. ಆ ಗುಳಿಗೆ ನುಂಗಿದ ರೋಗಿಯ ರಕ್ತದಲ್ಲಿ ಕೂಡ ಇಷ್ಟು ಇರುವುದಿಲ್ಲ. ಜಗತ್ತು ಬೆಚ್ಚಿಬಿತ್ತು. ಬೆಚ್ಚಬೇಕಾದ ಸಂಗತಿಯೇ ಅದು.

ಆದರೆ ಆ ಪ್ರಬಂಧದ ಕೀರ್ತಿ ಅದರ ಅಳತೆಯನ್ನು ಮೀರಿ ಬೆಳೆದಿದೆ ಎಂಬುದು ನನ್ನ ವಾದ. ಒಬ್ಬ ಖಳನಾಯಕ, ಒಂದು ಪೈಪು, ನಂಬಲಾಗದ ಒಂದು ಅಂಕಿ. ಕಥೆಗೆ ಬೇಕಾದದ್ದೆಲ್ಲ ಅಲ್ಲಿದೆ. ಹೀಗಾಗಿ ಒಂದು ಅಪವಾದದ ಸ್ಥಳವೇ ಇಡೀ ದೇಶದ ಮಾದರಿ ಎಂಬಂತೆ ಉಲ್ಲೇಖವಾಗುತ್ತಾ ಬಂತು. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಓದುಗ ಅದನ್ನು ಓದಿ, ‘ನಮ್ಮ ಕಡೆ ಅಂಥ ಕಾರ್ಖಾನೆ ಇಲ್ಲ, ನಾವು ಪಾರು’ ಎಂದುಕೊಂಡರೆ ತಪ್ಪು ಅವನದಲ್ಲ, ಹಾಗೆ ಬರೆದವರದು. ಈ ಮೂರು ತಾಲ್ಲೂಕುಗಳಿಗೆ ನಿಜವಾಗಿ ಸಂಬಂಧಪಟ್ಟ ಬರಹ ಬೇರೊಂದಿದೆ. ಅದನ್ನು ಬರೆದವರಲ್ಲಿ ಲಾರ್ಸನ್ ಕೂಡ ಒಬ್ಬರು. ಅದು ಬಂದದ್ದು 2017ರಲ್ಲಿ. ಕನ್ನಡದಲ್ಲಿ ಅದರ ಬಗ್ಗೆ ನಾನು ಒಂದು ಗಂಭೀರ ಮಾತನ್ನೂ ಓದಿಲ್ಲ.

ನಚಿಕೇತ ಮರಾಠೆ ಮೊದಲ ಲೇಖಕರಾಗಿರುವ ಆ ಅಧ್ಯಯನ ಪುಣೆಯ ನಡುವೆ ಹರಿಯುವ ಮುಠಾ ನದಿಯ ಹೂಳಿನದು. ಮುಠಾ ಪುಣೆಯಲ್ಲೇ ಮುಳೆಯನ್ನು ಕೂಡುತ್ತದೆ, ಮುಳಾ-ಮುಠಾ ಭೀಮೆಯನ್ನು ಕೂಡುತ್ತದೆ. ಅಲ್ಲಿಂದ ಉಜನಿ ಜಲಾಶಯ, ಪಂಢರಪುರ, ಹತ್ತರಸಂಗ-ಕೂಡಲದಲ್ಲಿ ಸೀನಾ ನದಿಯ ಸಂಗಮ. ಆಮೇಲೆ ಸೊನ್ನ ಬ್ಯಾರೇಜು, ಅಮರ್ಜಾ ಬಂದು ಸೇರುವ ಗಾಣಗಾಪುರ, ಜೇವರ್ಗಿ ದಾರಿಯ ಕಟ್ಟಿಸಂಗಾವಿ ಸೇತುವೆ. ಪುಣೆಯ ನದಿ ಎಂದರೆ ನಮ್ಮ ಹೊಳೆಯ ಮೇಲಿನ ಭಾಗ. ಪಟಾನ್‌ಚೆರುವಿನ ಹಳ್ಳ ಮಂಜೀರಾ ಸೇರಿ ಗೋದಾವರಿಗೆ ಹೋಗುತ್ತದೆ, ನಮ್ಮ ಕಡೆ ತಿರುಗುವುದೇ ಇಲ್ಲ. ನಕ್ಷೆ ಬಿಡಿಸಿ ನೋಡಿದ್ದರೆ ಇಷ್ಟು ವರ್ಷದ ಅಲಕ್ಷ್ಯ ಆಗುತ್ತಿರಲಿಲ್ಲ.

ಅವರು ಕಂಡದ್ದನ್ನು ಚುಟುಕಾಗಿ ಹೇಳುತ್ತೇನೆ. ಹೂಳಿನಲ್ಲಿದ್ದ ಒಟ್ಟು ಡಿಎನ್‌ಎಯನ್ನೇ ಓದಿದಾಗ, ಒಂದು ಸೂಕ್ಷ್ಮಾಣುವಿನಿಂದ ಇನ್ನೊಂದಕ್ಕೆ ದಾಟಬಲ್ಲ 175 ಬಗೆಯ ನಿರೋಧಕ ಜೀನುಗಳು ಸಿಕ್ಕವು. ಆಸ್ಪತ್ರೆಗಳು ಕೊನೆಯ ಅಸ್ತ್ರವೆಂದು ಇಟ್ಟುಕೊಂಡಿರುವ ಕಾರ್ಬಪೆನೆಮ್ ಔಷಧಗಳನ್ನು ಮುರಿಯುವ ಎನ್‌ಡಿಎಂ, ವಿಐಎಂ, ಕೆಪಿಸಿ ಬಗೆಗಳೂ ಅದರಲ್ಲಿದ್ದವು. ನಗರದ ಮೇಲಿನ ಹರಿವಿಗೆ ಹೋಲಿಸಿದರೆ ನಗರದೊಳಗಿನ ಹೂಳಿನಲ್ಲಿ ಈ ಜೀನುಗಳ ಸಾಂದ್ರತೆ 30 ಪಟ್ಟು. ಅಸಿನೆಟೊಬ್ಯಾಕ್ಟರ್ ಎಂಬ, ಐಸಿಯುಗಳಲ್ಲಿ ವೈದ್ಯರನ್ನು ಕಂಗೆಡಿಸುವ ಕುಲ ಅಲ್ಲಿನ ಸೂಕ್ಷ್ಮಾಣುಗಳಲ್ಲಿ ಶೇ 29ರವರೆಗೂ ಇತ್ತು. ಇದಕ್ಕೆಲ್ಲ ಲೇಖಕರು ಕೊಡುವ ಕಾರಣ ಸರಿಯಾಗಿ ಶುದ್ಧ ಮಾಡದೆ ನದಿಗೆ ಬಿಟ್ಟ ನಗರದ ಹೊಲಸು ನೀರು. ಎಂದರೆ ಮನುಷ್ಯರ ಮಲ-ಮೂತ್ರ, ಆಸ್ಪತ್ರೆಯ ತೊಳೆದ ನೀರು, ಗಟಾರ. ಮುಠಾ ದಂಡೆಯಲ್ಲಿರುವುದು ಯಾವ ಊರಿನಲ್ಲೂ ಇರಬಹುದಾದದ್ದು.

ಈ ಅಧ್ಯಯನದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಆ 30 ಪಟ್ಟು ಅಲ್ಲ. ಸಾರಾಂಶದಲ್ಲಿ ಬಂದು ಹೋಗುವ ಇನ್ನೊಂದು ವಾಕ್ಯವಿದೆ. ಕೊಲಿಸ್ಟಿನ್ ಎಂಬ ಔಷಧವನ್ನು ನಿಷ್ಫಲ ಮಾಡುವ ಎಂಸಿಆರ್-1 ಜೀನು ನಗರದ ಯಾವ ಮಾದರಿಯಲ್ಲೂ ಸಿಗಲಿಲ್ಲ, ಸಿಕ್ಕಿದ್ದು ಮೇಲಿನ ಹರಿವಿನ ಒಂದೇ ಒಂದು ಮಾದರಿಯಲ್ಲಿ ಎಂಬುದು ಅದರ ಅರ್ಥ. ಈ ಜೀನು ಜಗತ್ತಿಗೆ ಗೊತ್ತಾದದ್ದೇ 2015ರ ನವೆಂಬರಿನಲ್ಲಿ, ಚೀನಾದಿಂದ ಬಂದ ವರದಿಯಲ್ಲಿ. ಬೇರೆ ಎಲ್ಲ ಔಷಧ ಸೋತ ಮೇಲೆ ವೈದ್ಯರು ತೆಗೆಯುವುದು ಕೊಲಿಸ್ಟಿನ್. ಅದೇ ಔಷಧವನ್ನು ಕೋಳಿ ಬೇಗ ತೂಕ ಬರಲೆಂದು ಮೇವಿನಲ್ಲಿ ಬೆರೆಸುವ ರೂಢಿಯೂ ಇತ್ತು. ಭಾರತ ಅದನ್ನು ನಿಷೇಧಿಸಿದ್ದು 2019ರ ಜುಲೈನಲ್ಲಿ, ಈ ಅಧ್ಯಯನ ಪ್ರಕಟವಾಗಿ ಎರಡು ವರ್ಷವಾದ ಮೇಲೆ.

ಎಂಸಿಆರ್-1 ಕುರಿತ ಆ ವಾಕ್ಯವನ್ನು ಮೂರು ರೀತಿ ಓದಬಹುದು. ಇದು ಆಕಸ್ಮಿಕ, ಒಂದು ಮಾದರಿಯಿಂದ ಏನೂ ಸಾಬೀತಾಗುವುದಿಲ್ಲ ಎಂಬುದು ಮೊದಲನೆಯದು. ಎಚ್ಚರದ ಓದು, ಒಪ್ಪುತ್ತೇನೆ. ನಗರದ ಹೂಳಿನಲ್ಲಿ ಬೇರೆ ಡಿಎನ್‌ಎ ಎಷ್ಟೊಂದು ತುಂಬಿರುತ್ತದೆಂದರೆ ವಿರಳವಾದ ಜೀನು ಇದ್ದರೂ ಓದಿಗೆ ಸಿಗದೆ ಹೋಗಬಹುದು, ‘ಕಾಣಲಿಲ್ಲ’ ಎಂದ ಮಾತ್ರಕ್ಕೆ ‘ಇಲ್ಲ’ ಎಂದಾಗದು ಎಂಬುದು ಎರಡನೆಯದು. ಅದೂ ಸರಿ. ಮೂರನೆಯ ಓದು ನನ್ನದು. ಈ ವಾಕ್ಯ ಅಧ್ಯಯನದ ತಳಪಾಯವನ್ನೇ ಸ್ವಲ್ಪ ಅಲ್ಲಾಡಿಸುತ್ತದೆ. ಮೇಲಿನ ಹರಿವನ್ನು ಅಲ್ಲಿ ಹೋಲಿಕೆಯ ಅಳತೆಗೋಲಾಗಿ, ನಗರದ ಹೊಲಸು ತಟ್ಟದ ಜಾಗವಾಗಿ ಬಳಸಲಾಗಿದೆ. ಆದರೆ ಅದು ಊರುಗಳ, ಹೊಲಗಳ, ದನ-ಕೋಳಿಗಳ ನೆಲ. ಅಲ್ಲಿಗೂ ಜೀನುಗಳು ತಮ್ಮದೇ ದಾರಿಯಲ್ಲಿ ಬಂದಿವೆ. ನಗರದಲ್ಲಿ 44 ನಿರೋಧಕ ಜೀನುಗಳು ಗಣನೀಯವಾಗಿ ಹೆಚ್ಚು ಎನ್ನುವ ವಾಕ್ಯದ ಬಾಲದಲ್ಲೇ ಎರಡು ಜೀನುಗಳು ಮೇಲಿನ ಹರಿವಿನಲ್ಲೇ ಹೆಚ್ಚು ಎಂದೂ ಇದೆ. ಉಲ್ಲೇಖಿಸುವವರೆಲ್ಲ 44 ಬರೆದುಕೊಂಡು ಬಾಲವನ್ನು ಬಿಟ್ಟುಬಿಡುತ್ತಾರೆ.

ನಮ್ಮ ಮೂರು ತಾಲ್ಲೂಕುಗಳ ಪಾಲಿಗೆ ಆ ಬಾಲವೇ ಮುಖ್ಯ. ಅಫಜಲಪುರ ಪುಣೆಗೆ, ಪಂಢರಪುರಕ್ಕೆ ಕೆಳಗಿದೆ. ಅದೇ ಅಫಜಲಪುರ ಜೇವರ್ಗಿಗೆ, ಸರಡಗಿಯ ನೀರು ಕುಡಿಯುವ ಕಲಬುರಗಿಗೆ ಮೇಲಿದೆ. ಆಳಂದದ ನೆಲ ತೊಳೆದ ನೀರು ಅಮರ್ಜಾ ಹಿಡಿದು ಗಾಣಗಾಪುರಕ್ಕೆ ಬರುತ್ತದೆ. ಭೀಮೆಯ ಮೇಲೆ ಯಾವ ಊರೂ ಬರೀ ಮೇಲಿನದಲ್ಲ, ಬರೀ ಕೆಳಗಿನದೂ ಅಲ್ಲ. ಪುಣೆಯನ್ನು ಬೈದು ಸುಮ್ಮನಾಗುವ ಹಕ್ಕು ನಮಗಿಲ್ಲ.

ಇನ್ನು ಜಗಳಕ್ಕೆ ಬರುತ್ತೇನೆ. ಪಟಾನ್‌ಚೆರುವಿನ ಪಕ್ಷದವರು ಲಾರ್ಸನ್ನರ ಹೆಸರನ್ನು ಮಂತ್ರದಂತೆ ಹೇಳುತ್ತಾರೆ. ಅದೇ ಲಾರ್ಸನ್ 2019ರಲ್ಲಿ ಆಂಟಿ ಕಾರ್ಕ್‌ಮನ್ ಜೊತೆಗೂಡಿ ಪ್ರಕಟಿಸಿದ್ದನ್ನು ಓದಿದಂತೆ ಕಾಣುವುದಿಲ್ಲ. ಮನುಷ್ಯರ ಕರುಳಿನ ಸೂಕ್ಷ್ಮಾಣುಗಳಿಗೆ ಅಂಟಿಕೊಂಡಿರುವ ಕ್ರಾಸ್‌ಫೇಜ್ ಎಂಬ ವೈರಾಣು ನೀರಿನಲ್ಲಿ ಎಷ್ಟಿದೆ ಎಂದು ಅಳೆದರೆ ಮಲ ಎಷ್ಟು ಬೆರೆತಿದೆ ಎಂಬುದು ತಿಳಿಯುತ್ತದೆ. ಅವರು ಜಗತ್ತಿನ ನಾನಾ ಕಡೆಯ ದತ್ತಾಂಶದಲ್ಲಿ ಇದನ್ನು ನಿರೋಧಕ ಜೀನುಗಳ ಜೊತೆ ಇಟ್ಟು ನೋಡಿದರು. ಬಹುತೇಕ ಎಲ್ಲ ಕಡೆ ಜೀನುಗಳ ಏರಿಳಿತ ಮಲದ ಏರಿಳಿತದ ಜೊತೆಯಲ್ಲೇ ನಡೆಯಿತು. ಹಾಗೆ ನಡೆಯದ ಸ್ಪಷ್ಟ ಅಪವಾದವೆಂದರೆ ಆಂಟಿಬಯೋಟಿಕ್ ತಯಾರಿಕೆಯ ತ್ಯಾಜ್ಯ ಬಿದ್ದ ಹೂಳು. ಪಟಾನ್‌ಚೆರು ಅಪವಾದ ಎಂದು ಅದನ್ನು ಜಗತ್ತಿಗೆ ತೋರಿಸಿದವರ ತಂಡವೇ ಬರೆದಿರುವಾಗ, ಅದನ್ನೇ ನಿಯಮವೆಂದು ಹಿಡಿದು ಕೂರುವುದು ವಿಮರ್ಶೆಯ ಸೋಮಾರಿತನ.

ಇನ್ನೊಂದು ಪಕ್ಷ ಇದಕ್ಕಿಂತ ಹೆಚ್ಚು ಹಾನಿ ಮಾಡಿದೆ. ಜನ ಗುಳಿಗಿಯ ಕೋರ್ಸ್ ಮುಗಿಸುವುದಿಲ್ಲ, ಅದಕ್ಕೇ ಈ ಗತಿ ಎಂದು ದವಾಖಾನೆಯ ಗೋಡೆ ಗೋಡೆಗೆ ಬರೆಸುವವರ ಪಕ್ಷ ಅದು. ಅರ್ಧಕ್ಕೆ ಬಿಟ್ಟರೆ ನಿರೋಧಕತೆ ಹುಟ್ಟುತ್ತದೆ ಎಂಬ ಮಾತಿಗೆ ಗಟ್ಟಿ ಆಧಾರವಿಲ್ಲ ಎಂದು ಬ್ರಿಟನ್ನಿನ ತಜ್ಞರು 2017ರಲ್ಲೇ ಬಿಎಂಜೆ ಪತ್ರಿಕೆಯಲ್ಲಿ ಬರೆದಿದ್ದಾರೆ. ಕ್ಷಯದಂಥ ರೋಗಕ್ಕೆ ಕೋರ್ಸ್ ಮುಗಿಸಲೇಬೇಕು, ಉಳಿದದ್ದಕ್ಕೆ ವೈದ್ಯರು ಹೇಳಿದಂತೆ ನಡೆಯಬೇಕು. ಅದರಲ್ಲಿ ವಾದವಿಲ್ಲ. ವಾದವಿರುವುದು ತೊಗರಿ ಹೊಲದಿಂದ ಜ್ವರದಲ್ಲಿ ಬಂದ ಕೂಲಿಯವಳ ತಲೆಗೆ ಇಡೀ ಪಾಪ ಕಟ್ಟುವುದರ ಬಗ್ಗೆ. ಆಕೆ ಒಂದು ಗುಳಿಗಿಯನ್ನೂ ನುಂಗದಿದ್ದರೂ ಗಟಾರದ ನೀರು ಹೊಳೆಗೆ ಬೀಳುತ್ತಿರುವಷ್ಟು ಕಾಲ ಆ ಜೀನುಗಳು ಅವಳ ಕೊಡದವರೆಗೆ ಬರಬಲ್ಲವು. 2011ರಲ್ಲಿ ಪ್ರಕಟವಾದ ಅಧ್ಯಯನವೊಂದರಂತೆ, ದೆಹಲಿಯಲ್ಲಿ ತೆಗೆದ 50 ಕುಡಿಯುವ ನೀರಿನ ಮಾದರಿಗಳ ಪೈಕಿ ಎರಡರಲ್ಲಿ, 171 ನಿಂತ ನೀರಿನ ಮಾದರಿಗಳ ಪೈಕಿ 51ರಲ್ಲಿ ಎನ್‌ಡಿಎಂ-1 ಇತ್ತು. ಆಗ ನಾವು ಆ ಜೀನಿಗೆ ನಮ್ಮ ರಾಜಧಾನಿ ನವದೆಹಲಿಯ ಹೆಸರಿಟ್ಟರೆಂದು ಸಿಟ್ಟಾದೆವು. ಗಟಾರದ ಮೇಲೆ ಆ ಸಿಟ್ಟಿನ ಕಾಲು ಭಾಗ ಬಂದಿದ್ದರೂ ಕೆಲಸವಾಗುತ್ತಿತ್ತು.

ನಿರೋಧಕ ಜೀನುಗಳು ಮೂವತ್ತು ಸಾವಿರ ವರ್ಷದ ಹಿಮಗಟ್ಟಿದ ಮಣ್ಣಿನಲ್ಲೂ ಸಿಕ್ಕಿವೆ, ಇದು ನಿಸರ್ಗ ಸಹಜ ಎನ್ನುವವರಿಗೆ ಉತ್ತರ ಚಿಕ್ಕದು. ಜೀನು ಹಳೆಯದು, ಅದರ ಓಡಾಟ ಹೊಸದು. ಹೂಳಿನಲ್ಲಿ ಸೂಕ್ಷ್ಮಾಣುಗಳು ಲೋಳೆಯಂಥ ಪದರದಲ್ಲಿ ಒಂದಕ್ಕೊಂದು ಅಂಟಿಕೊಂಡು ಬದುಕುತ್ತವೆ. ಅವುಗಳಲ್ಲೊಂದು ಕೂದಲಿನಂಥ ಎಳೆ ಚಾಚಿ ಪಕ್ಕದ್ದನ್ನು ಹಿಡಿಯುತ್ತದೆ. ಪ್ಲಾಸ್ಮಿಡ್ ಎಂಬ ಡಿಎನ್‌ಎಯ ಉಂಗುರದ ಒಂದು ಎಳೆ ಬಿಚ್ಚಿ ಆಚೆ ಹೋಗುತ್ತದೆ, ಎರಡೂ ಕಡೆ ಉಂಗುರ ಮತ್ತೆ ಪೂರ್ತಿಯಾಗುತ್ತದೆ. ನಮ್ಮ ರೈತರು ಬೀಜ ಕಡ ಕೊಟ್ಟಂತೆ, ಆದರೆ ಇಲ್ಲಿ ಕೊಟ್ಟವನ ಚೀಲದಲ್ಲಿ ಒಂದು ಕಾಳೂ ಕಡಿಮೆಯಾಗುವುದಿಲ್ಲ. ಬೇರೆ ಬೇರೆ ಔಷಧ ತಡೆಯುವ ಜೀನುಗಳನ್ನು ಸಾಲಾಗಿ ಪೋಣಿಸುವ ಇಂಟಿಗ್ರಾನ್‌ಗಳು ಆ ಉಂಗುರದಲ್ಲಿರುತ್ತವೆ. ಮುಠಾ ನಗರದ ಹೂಳಿನಲ್ಲಿ ಹೆಚ್ಚಾಗಿದ್ದವುಗಳಲ್ಲಿ ಅವೂ ಇದ್ದವು, ಲೋಹಗಳನ್ನು ತಡೆಯುವ ಜೀನುಗಳೂ ಇದ್ದವು.

ಲೋಹದ ಮಾತು ನಮ್ಮ ಹೊಲಕ್ಕೆ ನೇರವಾಗಿ ತಾಗುತ್ತದೆ. ಹತ್ತಿ, ದಾಳಿಂಬೆಯ ದುಂಡಾಣು ಅಂಗಮಾರಿಗೆ ಹೊಡೆಯುವ ಸ್ಟ್ರೆಪ್ಟೋಸೈಕ್ಲಿನ್ ಪುಡಿಯಲ್ಲಿ ಶೇ 90 ಸ್ಟ್ರೆಪ್ಟೊಮೈಸಿನ್, ಶೇ 10 ಟೆಟ್ರಾಸೈಕ್ಲಿನ್. ಮೊದಲನೆಯದು ಕ್ಷಯದ ಔಷಧ. ಅದರ ಜೊತೆ ತಾಮ್ರದ ಆಕ್ಸಿಕ್ಲೋರೈಡ್ ಬೆರೆಸಿ ಒಂದೇ ಪಂಪಿನಲ್ಲಿ ಹೊಡೆಯುವುದು ರೂಢಿ. ತಾಮ್ರ ತಡೆಯುವ ಜೀನು ಮತ್ತು ಔಷಧ ತಡೆಯುವ ಜೀನು ಒಂದೇ ಉಂಗುರದಲ್ಲಿದ್ದರೆ, ತಾಮ್ರವೊಂದೇ ಬಿದ್ದರೂ ಎರಡೂ ಉಳಿಯುತ್ತವೆ. ಅಂಗಡಿಯವರು ಕೊಟ್ಟದ್ದನ್ನು ರೈತ ಎಣ್ಣೆ ಎಂದು ಹೊಡೆಯುತ್ತಾನೆ, ಅದು ಆಂಟಿಬಯೋಟಿಕ್ ಎಂದು ಅವನಿಗೆ ಹೇಳಿದವರು ವಿರಳ. ಈ ಪುಡಿಯ ಬಳಕೆಯನ್ನು ಹಂತ ಹಂತವಾಗಿ ನಿಲ್ಲಿಸುವ ಕರಡು ಆದೇಶವನ್ನು ಕೇಂದ್ರ 2021ರ ಡಿಸೆಂಬರಿನಲ್ಲಿ ಹೊರಡಿಸಿತು. ಅದೇ ವರ್ಷ ಔಷಧ ಕಾರ್ಖಾನೆಗಳ ತ್ಯಾಜ್ಯದ ಅಂತಿಮ ನಿಯಮ ಬಂದಾಗ, 2020ರ ಕರಡಿನಲ್ಲಿದ್ದ ಆಂಟಿಬಯೋಟಿಕ್ ಶೇಷದ ಮಿತಿಗಳನ್ನು ಕೈಬಿಡಲಾಗಿತ್ತು. ಯಾದಗಿರಿಯ ಕಡೇಚೂರು-ಬಾಡಿಯಾಳದಲ್ಲಿ ಔಷಧ ಕಾರ್ಖಾನೆಗಳು ಬಂದಿರುವಾಗ ಇದು ಸಣ್ಣ ಮಾತಲ್ಲ. ಈ ಮಟ್ಟಿಗೆ ಪಟಾನ್‌ಚೆರುವಿನ ಪಾಠ ನಮಗೂ ಬೇಕು.

ಮುಠಾ ಅಧ್ಯಯನದ ಮಿತಿಗಳನ್ನೂ ಹೇಳಬೇಕು. ಡಿಎನ್‌ಎ ಓದಿದರೆ ಜೀನು ಇದೆಯೆಂದು ತಿಳಿಯುತ್ತದೆ, ಅದು ಜೀವಂತ ಸೂಕ್ಷ್ಮಾಣುವಿನಲ್ಲಿದೆಯೋ ಸತ್ತದ್ದರಲ್ಲೋ ತಿಳಿಯುವುದಿಲ್ಲ. ಪುಣೆಯ ಹೂಳಿನ ದೊಡ್ಡ ಪಾಲು ಉಜನಿಯಲ್ಲೇ ತಳ ಸೇರುತ್ತದೆ, ಆದ್ದರಿಂದ ಅಲ್ಲಿನ ಅಂಕಿಗಳನ್ನು ಎತ್ತಿ ತಂದು ಗಾಣಗಾಪುರದ ಮೇಲೆ ಹೇರುವಂತಿಲ್ಲ. ಹಾಗೆಂದು ನಿಶ್ಚಿಂತರಾಗುವಂತೆಯೂ ಇಲ್ಲ, ಯಾಕೆಂದರೆ ಉಜನಿಯ ಕೆಳಗೂ ಊರುಗಳಿವೆ, ಜಾತ್ರೆಗಳಿವೆ. ಹೃಷಿಕೇಶ-ಹರಿದ್ವಾರದಲ್ಲಿ ಮೇ-ಜೂನ್ ಯಾತ್ರೆಯ ಕಾಲಕ್ಕೆ ಗಂಗೆಯಲ್ಲಿ ಎನ್‌ಡಿಎಂ-1 ಏರುವುದನ್ನು 2014ರ ಅಧ್ಯಯನವೊಂದು ತೋರಿಸಿದೆ. ಅದರಲ್ಲಿ ಭಕ್ತಿಯ ದೋಷ ಏನೂ ಇಲ್ಲ. ಬಂದವರಿಗೆ ಸಾಕಷ್ಟು ಶೌಚಾಲಯ, ಆ ನೀರಿಗೆ ಸರಿಯಾದ ಶುದ್ಧೀಕರಣ ಇರಲಿಲ್ಲ. ದತ್ತ ಜಯಂತಿಗೆ ಗಾಣಗಾಪುರದ ಸಂಗಮದಲ್ಲಿ ಮೀಯುವ ಭಕ್ತರಿಗೆ ಸಲ್ಲಬೇಕಾದ ಮೊದಲ ಸೇವೆ ಅದೇ.

ನನ್ನ ತೀರ್ಪು ಇಷ್ಟು: 2007ರ ಪ್ರಬಂಧ ಹೆಚ್ಚು ಪ್ರಸಿದ್ಧ, 2017ರದು ನಮಗೆ ಹೆಚ್ಚು ಸತ್ಯ. ಅದನ್ನು ಭೀಮೆಯ ದಂಡೆಯಲ್ಲಿ ಮುಂದುವರಿಸಬೇಕಾದವರು ದೂರದಲ್ಲಿಲ್ಲ. ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ 2009ರಲ್ಲಿ ಆರಂಭವಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವಿದೆ, ಕಲಬುರಗಿಯಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯವಿದೆ. ಸೊನ್ನ ಬ್ಯಾರೇಜಿನ ಹಿಂದೆ, ಗಾಣಗಾಪುರದ ಸಂಗಮದಲ್ಲಿ, ಕಟ್ಟಿಸಂಗಾವಿ ಸೇತುವೆಯ ಕೆಳಗೆ ಹೂಳು ತೆಗೆದು, ಬೇಸಿಗೆಯಲ್ಲೊಮ್ಮೆ ಮಳೆಗಾಲದಲ್ಲೊಮ್ಮೆ ಪರೀಕ್ಷಿಸಿ, ಬಂದ ಫಲಿತಾಂಶವನ್ನು ಕನ್ನಡದಲ್ಲಿ ಬರೆದು ದಂಡೆಯ ಪ್ರತಿ ಗ್ರಾಮ ಪಂಚಾಯಿತಿಗೆ ಕೊಡಿ ಎಂದು ಆ ಎರಡೂ ಸಂಸ್ಥೆಗಳನ್ನು ಕೇಳಿಕೊಳ್ಳುತ್ತೇನೆ.